ಮನೆ ಊರಾಚೆ, ಊರು ಟ್ರಾಮಿನಲ್ಲಿ: ರೈನ್ ದಡದಲ್ಲಿ ಇಬ್ಬರ ಮೋಟಾರ್‌ಹೋಮ್ ಪ್ರವಾಸ

ಮೊದಲ ಸಲ ಮೋಟಾರ್‌ಹೋಮ್, ಅಂದರೆ ಚಕ್ರದ ಮೇಲಿನ ಮನೆ, ಬಾಡಿಗೆಗೆ ತೆಗೆದುಕೊಂಡಾಗ ನಾವು ಅದನ್ನು ಕಾರು ಅಂದುಕೊಂಡಿದ್ದೆವು. ಊರೊಳಗೆ ನುಗ್ಗಿಸಿದೆವು. ಕೊನೆಗೆ ಒಂದು ಪಾರ್ಕಿಂಗ್ ಕಟ್ಟಡದ ಬಾಗಿಲಲ್ಲಿ ನಿಂತೆವು. ತಲೆ ಮೇಲೆ ಕಬ್ಬಿಣದ ಪಟ್ಟಿ, ಅದರ ಮೇಲೆ 2.10 ಮೀಟರ್ ಅಂತ ಬರೆದಿತ್ತು. ನಮ್ಮ ಗಾಡಿಯ ಎತ್ತರ 2.90. ಹಿಂದೆ ಆಗಲೇ ನಾಲ್ಕು ಕಾರು. ಗಂಡ ಸ್ಟೀರಿಂಗ್ ಹಿಡಿದು ಬೆವರುತ್ತಿದ್ದರು. ನಾನು ಕೆಳಗಿಳಿದು ಒಬ್ಬೊಬ್ಬರ ಹತ್ತಿರವೂ ಹೋಗಿ, ಬರುವ ಅಷ್ಟಿಷ್ಟು ಜರ್ಮನ್‌ನಲ್ಲಿ ಹಿಂದೆ ಸರಿಯಿರಿ ಅಂತ ಕೇಳಿಕೊಂಡೆ. ನೋಡಬೇಕೆಂದುಕೊಂಡಿದ್ದ ಚರ್ಚನ್ನು ಅವತ್ತು ನೋಡಲೇ ಇಲ್ಲ.

ಆಮೇಲಿನ ಪ್ರವಾಸಗಳಲ್ಲಿ ಒಂದೇ ನಿಯಮ ಇಟ್ಟುಕೊಂಡಿದ್ದೇವೆ. ಮೊದಲು ಗಾಡಿ ಎಲ್ಲಿ ಮಲಗುತ್ತದೆ ಅಂತ ನೋಡಬೇಕು. ಅಲ್ಲಿಂದ ನಡೆದೋ ಸೈಕಲ್ಲಿನಲ್ಲೋ ಟ್ರಾಮಿನಲ್ಲೋ ಊರಿಗೆ ಹೋಗಲು ಆಗುತ್ತಾ ನೋಡಬೇಕು. ಆದರೆ ಮಾತ್ರ ಆ ಊರು ಪಟ್ಟಿಗೆ ಸೇರುತ್ತದೆ. ಕೆಳಗಿನ ದಾರಿ ಹಾಗೆ ಆರಿಸಿದ್ದು. ಜರ್ಮನಿಯ ಮೈಂಜ್ ಕಡೆಯಿಂದ ಹೊರಟು ಕೊಬ್ಲೆಂಜ್, ಸ್ಪೈಯರ್, ಫ್ರಾನ್ಸಿನ ಸ್ಟ್ರಾಸ್‌ಬರ್ಗ್, ಕೊಲ್ಮಾರ್, ಮತ್ತೆ ಜರ್ಮನಿಯ ಫ್ರೈಬುರ್ಗ್ ನೋಡಿ ವಾಪಸ್. ಒಟ್ಟು ಸುಮಾರು 800 ಕಿಲೋಮೀಟರ್, ಹತ್ತು ರಾತ್ರಿ. ಜರ್ಮನಿಯಲ್ಲಿ ಇರುವವರಿಗೂ ಸರಿ, ಮಕ್ಕಳನ್ನು ನೋಡಲು ಬೇಸಿಗೆಯಲ್ಲಿ ಇಲ್ಲಿಗೆ ಬರುವ ಅಪ್ಪ ಅಮ್ಮಂದಿರಿಗೂ ಸರಿ.

ಗಾಡಿ: ಇಬ್ಬರಿಗೆ ಆರು ಮೀಟರ್ ಸಾಕು

ಬಾಡಿಗೆ ಅಂಗಡಿಗಳಲ್ಲಿ ಮುಖ್ಯವಾಗಿ ಎರಡು ಬಗೆ ಸಿಗುತ್ತವೆ. ಒಂದು, ಡುಕಾಟೊದಂಥ ಸರಕು ವ್ಯಾನಿನ ಒಳಗೇ ಮನೆ ಮಾಡಿರುವ ಕ್ಯಾಂಪರ್ ವ್ಯಾನ್. ಉದ್ದ ಸುಮಾರು 6 ಮೀಟರ್, ಅಗಲ 2 ಮೀಟರ್ ಚಿಲ್ಲರೆ. ಇನ್ನೊಂದು, ಬಿಳಿ ಡಬ್ಬಿಯಂತೆ ಕಾಣುವ 7 ಮೀಟರಿನ ದೊಡ್ಡ ಮೋಟಾರ್‌ಹೋಮ್. ಇದರ ಅಗಲ 2.30 ಮೀಟರ್ ಹತ್ತಿರ. ಬಾಡಿಗೆಯಲ್ಲಿ ಅಂಥ ವ್ಯತ್ಯಾಸ ಇರುವುದಿಲ್ಲ, ಅದಕ್ಕೇ ಎಲ್ಲರೂ ದೊಡ್ಡದರ ಕಡೆ ಕೈ ಚಾಚುತ್ತಾರೆ. ಊರು ನೋಡುವುದೇ ಉದ್ದೇಶ ಆದರೆ ಸಣ್ಣದನ್ನೇ ತಗೊಳ್ಳಿ. ಹಳ್ಳಿಯ ಕಿರಿದಾದ ರಸ್ತೆಯಲ್ಲಿ ಎದುರಿಗೆ ಬಸ್ಸು ಬಂದಾಗ ಆ 25 ಸೆಂಟಿಮೀಟರಿನ ಬೆಲೆ ಗೊತ್ತಾಗುತ್ತದೆ. ಸ್ನಾನದ ಕೋಣೆ ಮಾತ್ರ ಇಕ್ಕಟ್ಟು. ಅದಕ್ಕೆ ಕ್ಯಾಂಪಿಂಗ್ ಜಾಗದ ಬಚ್ಚಲು ಇದೆಯಲ್ಲ.

ಎರಡೂ ಬಗೆಯ ಗಾಡಿಗಳು ಬಹುತೇಕ 3.5 ಟನ್ ಮಿತಿಯೊಳಗೇ ಇರುತ್ತವೆ, ಹಾಗಾಗಿ ಕಾರಿನ ಲೈಸೆನ್ಸ್ ಸಾಕು. ಭಾರತದಿಂದ ಬಂದವರು ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಜೊತೆಗೆ ತರಬೇಕು. ಇಲ್ಲಿಗೆ ವಾಸಕ್ಕೆ ಬಂದವರಿಗೆ ಭಾರತದ ಲೈಸೆನ್ಸ್ ಆರು ತಿಂಗಳು ಮಾತ್ರ ನಡೆಯುತ್ತದೆ. ಇದನ್ನು ಮರೆತು ಏಳನೇ ತಿಂಗಳಲ್ಲಿ ಬುಕ್ ಮಾಡಿದವರು ನಮ್ಮ ಸ್ನೇಹಿತರಲ್ಲೇ ಇದ್ದಾರೆ. ಬುಕ್ ಮಾಡುವ ಮೊದಲು ಚಾಲಕರಿಗೆ ಕನಿಷ್ಠ ವಯಸ್ಸು ಎಷ್ಟು, ಲೈಸೆನ್ಸ್ ಎಷ್ಟು ವರ್ಷ ಹಳೆಯದಿರಬೇಕು ಅಂತಲೂ ಕೇಳಿ. ಅಂಗಡಿಯಿಂದ ಅಂಗಡಿಗೆ ಬೇರೆ ಬೇರೆ.

ಬೇಸಿಗೆಯಲ್ಲಿ ದಿನಕ್ಕೆ ನೂರರಿಂದ ಇನ್ನೂರು ಯೂರೋ ಒಳಗೆ ಬಾಡಿಗೆ ಅಂದುಕೊಳ್ಳಿ. ಅದರ ಮೇಲೆ ಒಮ್ಮೆ ಕೊಡುವ ಸರ್ವಿಸ್ ಚಾರ್ಜ್ ಬೇರೆ. ಸಾವಿರ ಯೂರೋ ಅಥವಾ ಇನ್ನೂ ಜಾಸ್ತಿ ಠೇವಣಿಯನ್ನು ಕಾರ್ಡಿನಲ್ಲಿ ಹಿಡಿದಿಡುತ್ತಾರೆ. ಡೀಸೆಲ್ ನೂರು ಕಿಲೋಮೀಟರಿಗೆ ಹತ್ತು ಹನ್ನೊಂದು ಲೀಟರ್ ಕುಡಿಯುತ್ತದೆ. ಕೂಡಿಸಿ ನೋಡಿದರೆ ಹೋಟೆಲ್ಲಿಗಿಂತ ಅಗ್ಗ ಏನೂ ಅಲ್ಲ. ಉಳಿತಾಯ ಆಗುತ್ತದೆ ಅಂತ ಹೊರಡಬೇಡಿ. ಮಧ್ಯಾಹ್ನ ನದಿ ದಡದಲ್ಲಿ ನಿಲ್ಲಿಸಿ ತಿಳಿಸಾರು ಅನ್ನ ಉಂಡು ಒಂದು ಗಂಟೆ ಮಲಗುವ ಸುಖಕ್ಕೆ ಹೊರಡುವುದಾದರೆ ಹೊರಡಿ.

ಯಾವ ತಿಂಗಳು

ಜೂನ್ ಕೊನೆ ಅಥವಾ ಸೆಪ್ಟೆಂಬರ್ ಮೊದಲು. ಜುಲೈ ಆಗಸ್ಟಿನಲ್ಲಿ ಫ್ರಾನ್ಸಿನ ಶಾಲೆಗಳಿಗೆ ರಜೆ. ಜರ್ಮನಿಯ ರಾಜ್ಯಗಳೂ ಒಂದರ ಹಿಂದೊಂದು ರಜೆ ಕೊಡುತ್ತವೆ. ನದಿ ಪಕ್ಕದ ಜಾಗಗಳೆಲ್ಲ ತುಂಬಿರುತ್ತವೆ. ಜೂನಿನಲ್ಲಿ ರಾತ್ರಿ ಒಂಬತ್ತೂವರೆವರೆಗೂ ಬೆಳಕು ಇರುವುದರಿಂದ ಒಂದು ದಿನ ಒಂದೂವರೆ ದಿನದಷ್ಟು ಸಿಗುತ್ತದೆ. ಆಗಸ್ಟಿನಲ್ಲೇ ಹೋಗಬೇಕಾದರೆ ನಗರಗಳ ಹತ್ತಿರದ ಜಾಗವನ್ನು ಮೊದಲೇ ಬುಕ್ ಮಾಡಿ, ಮತ್ತು ಆಗಸ್ಟ್ 15ರಂದು ಫ್ರಾನ್ಸಿನಲ್ಲಿ ಇದ್ದರೆ ಹಿಂದಿನ ದಿನವೇ ತರಕಾರಿ ತಂದಿಡಿ. ನಮ್ಮ ಸ್ವಾತಂತ್ರ್ಯ ದಿನ, ಅವರಿಗೆ ಮೇರಿ ಮಾತೆಯ ಹಬ್ಬದ ರಜೆ.

ರೈನ್ ಬಯಲು ಜರ್ಮನಿಯಲ್ಲೇ ಸೆಕೆ ಜಾಸ್ತಿ ಇರುವ ಭಾಗ, 35 ಡಿಗ್ರಿ ಆಗುವುದುಂಟು. ಓಡುವಾಗ ಇರುವ ಏಸಿ ನಿಂತ ಮೇಲೆ ಇರುವುದಿಲ್ಲ. ಜಾಗ ಆರಿಸುವಾಗ ಸಂಜೆಯ ಬಿಸಿಲು ಯಾವ ಕಡೆಯಿಂದ ಬೀಳುತ್ತದೆ ನೋಡಿ, ಆ ಕಡೆಗೆ ಮರ ಇರಲಿ.

ಗಾಡಿ ಕೈಗೆ ಬಂದ ದಿನ

ಒಪ್ಪಿಸಿಕೊಳ್ಳಲು ಎರಡು ಗಂಟೆ ಇಟ್ಟುಕೊಳ್ಳಿ. ಅಂಗಡಿಯವರು ಇಪ್ಪತ್ತು ನಿಮಿಷದಲ್ಲಿ ಪಟಪಟ ಹೇಳಿ ಕಳಿಸಲು ನೋಡುತ್ತಾರೆ, ಬಿಡಬೇಡಿ. ಒಬ್ಬರು ಕೇಳಿ, ಒಬ್ಬರು ಪೂರ್ತಿ ವಿಡಿಯೋ ತೆಗೆಯಿರಿ. ಬಂಪರ್, ಗಾಜು, ಟೈರು ಅಷ್ಟೇ ಅಲ್ಲ. ಏಣಿ ಕೇಳಿ ಮೇಲಿನ ಮೂಲೆಗಳನ್ನೂ ತೆಗೆಯಿರಿ. ಗೀರು ಬೀಳುವುದು ಅಲ್ಲೇ, ಮರದ ಕೊಂಬೆಯಿಂದ. ನಾವು ಒಮ್ಮೆ ಮೇಲ್ಭಾಗ ನೋಡದೆ ತಂದು, ನಮ್ಮದಲ್ಲದ ಗೀರಿಗೆ ಠೇವಣಿಯಿಂದ ದುಡ್ಡು ಕಳೆದುಕೊಂಡೆವು.

ಈ ನಾಲ್ಕನ್ನು ನಿಮ್ಮ ಕೈಯಿಂದಲೇ ಮಾಡಿ ನೋಡಿ: ಗ್ಯಾಸ್ ತೆರೆದು ಒಲೆ ಹಚ್ಚುವುದು, ಫ್ರಿಜ್ಜನ್ನು ಗ್ಯಾಸಿನಿಂದ ಕರೆಂಟಿಗೆ ಬದಲಿಸುವುದು, ಟಾಯ್ಲೆಟ್ ಕ್ಯಾಸೆಟ್ (ಸಂಡಾಸಿನ ಕೆಳಗೆ ಮಲಮೂತ್ರ ಸೇರುವ ಡಬ್ಬಿ) ಹೊರಗೆಳೆದು ಮತ್ತೆ ಹಾಕುವುದು, ಬಚ್ಚಲ ನೀರಿನ ಕೊಳಾಯಿ ತಿರುಗಿಸುವುದು. ಡೀಸೆಲ್ ಮುಚ್ಚಳ ಯಾವುದು, ಹೊಗೆ ಶುದ್ಧ ಮಾಡುವ ಆಡ್‌ಬ್ಲೂ ಅನ್ನುವ ದ್ರವ ಹಾಕುವ ನೀಲಿ ಮುಚ್ಚಳ ಯಾವುದು ಅಂತ ಇಬ್ಬರೂ ನೋಡಿಟ್ಟುಕೊಳ್ಳಿ. ಆಡ್‌ಬ್ಲೂ ಹೋಗಿ ಡೀಸೆಲ್ ಟ್ಯಾಂಕಿಗೆ ಬಿದ್ದರೆ ಪ್ರವಾಸ ಅಲ್ಲಿಗೇ ಮುಗಿಯಿತು.

ಆಮೇಲೆ ಒಂದು ಚೀಟಿ ಬರೆದು ಚಾಲಕರ ಕಣ್ಣೆದುರು ಅಂಟಿಸಿ: ಎತ್ತರ, ಅಗಲ, ಉದ್ದ, ತೂಕ. ಸೇತುವೆ ಹತ್ತಿರ ಬಂದಾಗ ನೆನಪು ಕೈಕೊಡುತ್ತದೆ.

ಆ ರಾತ್ರಿ ದೂರ ಹೋಗಬೇಡಿ. ಅರ್ಧ ಗಂಟೆ ದೂರದಲ್ಲಿ ತಂಗಿ. ಏನಾದರೂ ಕೆಲಸ ಮಾಡದಿದ್ದರೆ ಬೆಳಿಗ್ಗೆ ಅಂಗಡಿಗೆ ವಾಪಸ್ ಹೋಗಬಹುದು.

ಓಡಿಸುವವರು ಒಬ್ಬರು, ಕಂಡಕ್ಟರ್ ಒಬ್ಬರು

ಪ್ರತಿ ಸಲ ಹೊರಡುವ ಮೊದಲು ಒಂದು ಸುತ್ತು ಹಾಕಿ. ಮೇಲಿನ ಕಿಟಕಿ ಮುಚ್ಚಿದೆಯಾ, ಮೆಟ್ಟಿಲು ಒಳಗೆ ಹೋಗಿದೆಯಾ, ಕರೆಂಟ್ ವೈರು ಬಿಚ್ಚಿದ್ದೀರಾ, ಗ್ಯಾಸ್ ಬಂದಾಗಿದೆಯಾ, ಕಪಾಟುಗಳು ಚಿಲಕ ಬಿದ್ದಿವೆಯಾ. ಒಂದು ತಿರುವಿನಲ್ಲಿ ಸಾಸಿವೆ ಡಬ್ಬಿ ಹಾರಿ ಬಿದ್ದರೆ ಪ್ರವಾಸ ಮುಗಿಯುವವರೆಗೂ ಕಾಲಿಗೆ ಸಾಸಿವೆ ಸಿಗುತ್ತಿರುತ್ತದೆ.

ಜರ್ಮನಿಯ ಆಟೋಬಾನ್‌ನಲ್ಲಿ ಟೋಲ್ ಇಲ್ಲ. ಫ್ರಾನ್ಸಿನ ಆಲ್ಸಾಸ್ ಪ್ರಾಂತ್ಯದ ಮುಖ್ಯ ಹೆದ್ದಾರಿ ಎ35 ಕೂಡ ಉಚಿತ. ಆದರೆ ಸ್ಟ್ರಾಸ್‌ಬರ್ಗ್ ಸುತ್ತಿ ಹೋಗುವ ಎ355ಕ್ಕೆ ಟೋಲ್ ಇದೆ, ನ್ಯಾವಿಗೇಟರ್ ಅದಕ್ಕೇ ಎಳೆಯುತ್ತದೆ. ಎತ್ತರ 2ರಿಂದ 3 ಮೀಟರ್ ನಡುವೆ ಇರುವ ಗಾಡಿಗೆ ಅಲ್ಲಿ ಕಾರಿಗಿಂತ ಜಾಸ್ತಿ ದರ, ಎರಡನೇ ವರ್ಗ. ಫ್ರೆಂಚ್ ಹೆದ್ದಾರಿಯಲ್ಲಿ ಮಿತಿ 130, ಮಳೆ ಬಂದರೆ 110. ನಾವು 100 ದಾಟಿಸುವುದೇ ಇಲ್ಲ. ಲಾರಿ ಪಕ್ಕದಲ್ಲಿ ಹೋದಾಗ ಗಾಡಿ ಗಾಳಿಗೆ ತೂಗುವುದು ಕಂಡರೆ ನಿಮಗೂ ದಾಟಿಸಲು ಮನಸ್ಸಾಗುವುದಿಲ್ಲ.

ಅನೇಕ ಜರ್ಮನ್ ನಗರಗಳ ಒಳಭಾಗಕ್ಕೆ ಹೋಗಲು ಗಾಡಿ ಕಡಿಮೆ ಹೊಗೆ ಬಿಡುತ್ತದೆ ಅಂತ ತೋರಿಸುವ ಹಸಿರು ಚೀಟಿ ಗಾಜಿನ ಮೇಲೆ ಇರಬೇಕು. ಬಾಡಿಗೆ ಗಾಡಿಯಲ್ಲಿ ಸಾಮಾನ್ಯವಾಗಿ ಇರುತ್ತದೆ, ಆದರೂ ನೋಡಿಕೊಳ್ಳಿ. ಫ್ರಾನ್ಸಿನ ಚೀಟಿ ಬೇರೆ, ಅದರ ಹೆಸರು ಕ್ರಿಟ್‌ಏರ್. ಅದನ್ನು ತಪ್ಪಿಸುವ ಉಪಾಯ ಮುಂದೆ ಹೇಳುತ್ತೇನೆ.

ಇನ್ನು ರಿವರ್ಸ್. ಗಂಡ ಹೆಂಡತಿ ಜಗಳ ಆಡುವುದು ಇಲ್ಲೇ. ನಾನು ಹಿಂದೆ ನಿಂತು ಕೈ ಬೀಸುತ್ತಿದ್ದೆ, ಅವರಿಗೆ ಅದು ಬಾ ಅಂತಲೋ ನಿಲ್ಲು ಅಂತಲೋ ಗೊತ್ತಾಗುತ್ತಿರಲಿಲ್ಲ. ಕೊನೆಗೆ ಶಿವಮೊಗ್ಗದ ಬಸ್ಸುಗಳ ಪದ್ಧತಿಗೇ ಬಂದೆವು. ನಾನು ಕಂಡಕ್ಟರ್. ಹಿಂದಕ್ಕೆ ಬರಲು "ಬರ್ಲಿ, ಬರ್ಲಿ". ನಿಲ್ಲಿಸಲು ಒಂದೇ ಮಾತು, "ಹೋಲ್ಡಾನ್!" ಜೊತೆಗೆ ಒಂದು ಸೀಟಿ. ಕನ್ನಡಿಯಲ್ಲಿ ನಾನು ಕಾಣದಿದ್ದರೆ ಗಾಡಿ ಅಲ್ಲಾಡಬಾರದು ಅಂತ ಒಪ್ಪಂದ. ಪಕ್ಕದ ಡಚ್ ದಂಪತಿ ಕುರ್ಚಿ ಹಾಕಿಕೊಂಡು ಈ ನಾಟಕ ನೋಡಿ ಚಪ್ಪಾಳೆ ತಟ್ಟಿದ್ದೂ ಆಯಿತು.

ಎಲ್ಲಿ ಮಲಗುವುದು

ಮೂರು ಬಗೆ. ಬಚ್ಚಲು, ಕರೆಂಟು ಎಲ್ಲ ಇರುವ ಕ್ಯಾಂಪಿಂಗ್ ಜಾಗ, ನಗರದ ಹತ್ತಿರವಾದರೆ ಇಬ್ಬರಿಗೆ ರಾತ್ರಿಗೆ 35ರಿಂದ 50 ಯೂರೋ. ಮೋಟಾರ್‌ಹೋಮ್‌ಗೆಂದೇ ಇರುವ ಸರಳ ನಿಲ್ದಾಣ, ಜರ್ಮನ್‌ನಲ್ಲಿ ಸ್ಟೆಲ್‌ಪ್ಲಾಟ್ಜ್, ಫ್ರೆಂಚಿನಲ್ಲಿ ಏರ್. ಇದಕ್ಕೆ ಹತ್ತು ಇಪ್ಪತ್ತು ಯೂರೋ. ಮೂರನೆಯದು ಸುಮ್ನೆ ರಸ್ತೆ ಪಕ್ಕ. ಜರ್ಮನಿಯಲ್ಲಿ ಓಡಿಸಿ ದಣಿದವರು ಪಾರ್ಕಿಂಗ್ ಜಾಗದಲ್ಲಿ ಒಂದು ರಾತ್ರಿ ಒಳಗೆ ಮಲಗಬಹುದು. ಹೊರಗೆ ಕುರ್ಚಿ ಹಾಕುವುದು, ಮೇಲ್ಛಾವಣಿ ಬಿಡಿಸುವುದು ಮಾಡಬಾರದು. ಪಾರ್ಕ್‌ಫೋರ್‌ನೈಟ್ ಎಂಬ ಆ್ಯಪ್‌ನಲ್ಲಿ ಮೂರೂ ಬಗೆಯ ಜಾಗಗಳು ಸಿಗುತ್ತವೆ. ಅಲ್ಲಿ ಹಿಂದಿನ ವಾರ ಬಂದವರು ಬರೆದದ್ದನ್ನು ಮಾತ್ರ ನಂಬಿ.

ಜರ್ಮನ್ ಕ್ಯಾಂಪಿಂಗ್ ಜಾಗಗಳಲ್ಲಿ ಮಧ್ಯಾಹ್ನ ಒಂದರಿಂದ ಮೂರು ವಿಶ್ರಾಂತಿ. ಹೆಚ್ಚಿನ ಕಡೆ ಗೇಟು ಹಾಕಿರುತ್ತಾರೆ. ಎರಡು ಗಂಟೆಗೆ ಹೋಗಿ ಗೇಟಿನ ಮುಂದೆ ಬೆವರುವ ಬದಲು ಹನ್ನೆರಡಕ್ಕೇ ತಲುಪಿ. ರಾತ್ರಿ ಹತ್ತರ ಮೇಲೆ ಸದ್ದು ಇರಬಾರದು.

ಊರುಗಳು

ಕೊಬ್ಲೆಂಜ್, ಎರಡು ರಾತ್ರಿ. ಮೈಂಜ್‌ನಿಂದ ಬರುವಾಗ ಹೆದ್ದಾರಿ ಬಿಟ್ಟು ನದಿ ಪಕ್ಕದ ಬಿ9 ಹಿಡಿಯಿರಿ. ಬಿಂಗನ್‌ನಿಂದ ಕೊಬ್ಲೆಂಜ್‌ವರೆಗಿನ ಈ ಕಣಿವೆ 2002ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ಮೈಂಜ್ ಬಿಟ್ಟರೆ ಕೊಬ್ಲೆಂಜ್‌ವರೆಗೆ ಒಂದು ಸೇತುವೆಯೂ ಇಲ್ಲ. ಆಚೆ ದಡಕ್ಕೆ ಹೋಗಬೇಕಾದರೆ ಗಾಡಿ ಸಮೇತ ಫೆರಿ ಹತ್ತಬೇಕು. ಸಾಂಕ್ಟ್ ಗೋರ್‌ನಲ್ಲಿ ನಾವು ಸುಮ್ನೆ ಮಜಕ್ಕೆ ಹತ್ತಿ ಆಚೆ ಹೋಗಿ ಬಂದೆವು. ಐದೇ ನಿಮಿಷ. ಸಿಗಂದೂರಿನ ಲಾಂಚ್ ನೆನಪಾಗದೆ ಇರಲಿಲ್ಲ.

ಮೊಸೆಲ್ ನದಿ ರೈನ್ ಸೇರುವ ಮೂಲೆಗೆ ಡಾಯ್ಚಸ್ ಎಕ್ ಅನ್ನುತ್ತಾರೆ. ಕ್ಯಾಂಪಿಂಗ್ ಜಾಗ ಅದರ ಎದುರು ದಡದಲ್ಲೇ ಇದೆ. ಸಂಜೆ ಕಾಫಿ ಲೋಟ ಹಿಡಿದು ಕೂತರೆ ಎರಡು ನೀರು ಬೆರೆಯುವುದು ಕಾಣುತ್ತದೆ. ಕೂಡಲಿಯಲ್ಲಿ ತುಂಗೆ ಭದ್ರೆ ಸೇರುವಲ್ಲಿ ದೇವಸ್ಥಾನ ಇದೆ, ಇಲ್ಲಿ ಕುದುರೆ ಮೇಲೆ ಕೂತ ಚಕ್ರವರ್ತಿ ವಿಲ್‌ಹೆಲ್ಮ್ ಇದ್ದಾನೆ. ಸೇತುವೆ ದಾಟಿ ನಡೆದೇ ಊರಿಗೆ ಹೋಗಬಹುದು. ಅಲ್ಲಿಂದ ರೈನ್ ಮೇಲೆ ಹಾದು ಎಹ್ರನ್‌ಬ್ರೈಟ್‌ಸ್ಟೈನ್ ಕೋಟೆಗೆ ಕೇಬಲ್ ಕಾರ್ ಇದೆ. 2011ರ ಹೂದೋಟದ ಪ್ರದರ್ಶನಕ್ಕೆ ಕಟ್ಟಿದ್ದು, ಊರಿನವರು ಇಷ್ಟಪಟ್ಟು ಉಳಿಸಿಕೊಂಡರು. ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ಹತ್ತಿ.

ಸ್ಪೈಯರ್, ಒಂದು ರಾತ್ರಿ. ಸುಮಾರು 160 ಕಿಲೋಮೀಟರ್. ಇಲ್ಲಿನ ತಂತ್ರಜ್ಞಾನ ಮ್ಯೂಸಿಯಂನ ಪಕ್ಕದಲ್ಲೇ ಮೋಟಾರ್‌ಹೋಮ್ ನಿಲ್ಲಿಸುವ ಜಾಗ ಇದೆ. ಬಾಗಿಲು ತೆರೆದರೆ ಆಕಾಶದಲ್ಲಿ ಬೋಯಿಂಗ್ 747! ಕಂಬಗಳ ಮೇಲೆ ನಿಲ್ಲಿಸಿದ್ದಾರೆ, ಒಳಗೆ ಹತ್ತಿ ರೆಕ್ಕೆ ಮೇಲೆ ನಡೆಯಬಹುದು. ಸೋವಿಯತ್ ಕಾಲದ ಬುರಾನ್ ಬಾಹ್ಯಾಕಾಶ ನೌಕೆಯ ಪರೀಕ್ಷಾ ವಿಮಾನವೂ ಇದೆ, 2008ರಲ್ಲಿ ರೈನ್ ಮೇಲೆ ದೋಣಿಯಲ್ಲಿ ತಂದದ್ದು. ನನ್ನ ಗಂಡ ಅಲ್ಲಿಂದ ಹೊರಡಲೇ ಒಪ್ಪಲಿಲ್ಲ. ನಾನು ಒಬ್ಬಳೇ ಪಾರ್ಕಿನೊಳಗೆ ನಡೆದು ಕೆಥೆಡ್ರಲ್‌ಗೆ ಹೋದೆ. 1030ರ ಸುಮಾರಿಗೆ ಶುರುವಾದ ಕಟ್ಟಡ. ನೆಲದಡಿಯ ಕಂಬಗಳ ಹಜಾರದಲ್ಲಿ ಎಂಟು ಚಕ್ರವರ್ತಿ, ರಾಜರ ಸಮಾಧಿಗಳಿವೆ. ಹೊರಗೆ ಸುಡುವ ಸೆಕೆ, ಅಲ್ಲಿ ಹಂಪಿಯ ಭೂಗತ ಶಿವಾಲಯದೊಳಗಿನಂಥ ತಂಪು.

ಸ್ಟ್ರಾಸ್‌ಬರ್ಗ್, ಮೂರು ರಾತ್ರಿ. ಈಗ ಆ ಉಪಾಯ. ಸ್ಟ್ರಾಸ್‌ಬರ್ಗ್ ಫ್ರಾನ್ಸಿನಲ್ಲಿದೆ. ರೈನ್‌ನ ಈಚೆ ದಡದಲ್ಲಿ ಜರ್ಮನಿಯ ಕೆಹ್ಲ್ ಅನ್ನುವ ಸಣ್ಣ ಊರು. 2017ರಿಂದ ಸ್ಟ್ರಾಸ್‌ಬರ್ಗಿನ ಡಿ ಮಾರ್ಗದ ಟ್ರಾಮು ನದಿ ದಾಟಿ ಕೆಹ್ಲ್‌ಗೆ ಬರುತ್ತದೆ. ಗಾಡಿಯನ್ನು ಕೆಹ್ಲ್‌ನ ಕ್ಯಾಂಪಿಂಗ್ ಜಾಗದಲ್ಲಿ ಬಿಡಿ. ಫ್ರೆಂಚ್ ಚೀಟಿಯ ಚಿಂತೆ ಇಲ್ಲ, ನಗರದ ಟ್ರಾಫಿಕ್ ಇಲ್ಲ. ಟ್ರಾಮು ಹತ್ತಿದರೆ ಸ್ವಲ್ಪ ಹೊತ್ತಿನಲ್ಲಿ ಊರ ನಡುವೆ ಇಳಿಯುತ್ತೀರಿ. ಇಬ್ಬರು ಮೂವರು ಸೇರಿ ಬಳಸುವ 24 ಗಂಟೆಯ ಟಿಕೆಟ್ ಕೇಳಿ. ಹತ್ತುವ ಮೊದಲು ನಿಲ್ದಾಣದ ಯಂತ್ರದಲ್ಲಿ ಟಿಕೆಟ್ಟಿಗೆ ಮುದ್ರೆ ಹಾಕಿಸಲು ಮರೆಯಬೇಡಿ. ಪಾಸ್‌ಪೋರ್ಟ್ ಜೇಬಿನಲ್ಲಿರಲಿ. 2024ರ ಸೆಪ್ಟೆಂಬರ್‌ನಲ್ಲಿ ಜರ್ಮನಿ ತನ್ನ ಎಲ್ಲ ಭೂಗಡಿಗಳಲ್ಲೂ ತಪಾಸಣೆ ಶುರು ಮಾಡಿತು, ಟ್ರಾಮಿನಲ್ಲೂ ಕೇಳಬಹುದು. ಸೆಕೆ ಕಡಿಮೆ ಇದ್ದರೆ ಟ್ರಾಮೂ ಬೇಡ, ನದಿ ಮೇಲಿನ ಕಾಲ್ನಡಿಗೆ ಸೇತುವೆಯಲ್ಲಿ ಸೈಕಲ್ ತಗೊಂಡು ಹೋಗಿ. ಬೆಳಿಗ್ಗೆ ಜರ್ಮನಿಯಲ್ಲಿ ಉಪ್ಪಿಟ್ಟು ತಿಂದು, ಫ್ರಾನ್ಸಿನಲ್ಲಿ ಕಾಫಿ ಕುಡಿದು, ಮಧ್ಯಾಹ್ನಕ್ಕೆ ಮನೆಗೆ ಬಂದು ಮಲಗಿ, ಸಂಜೆ ಮತ್ತೆ ಫ್ರಾನ್ಸಿಗೆ ಹೋಗುತ್ತಿದ್ದೆವು.

ಕೆಥೆಡ್ರಲ್ 142 ಮೀಟರ್ ಎತ್ತರ. 1647ರಿಂದ 1874ರವರೆಗೆ ಜಗತ್ತಿನಲ್ಲಿ ಇದಕ್ಕಿಂತ ಎತ್ತರದ ಕಟ್ಟಡ ಇರಲಿಲ್ಲ. ಗೋಪುರ ಒಂದೇ, ಜೋಡಿ ಕಟ್ಟಲೇ ಇಲ್ಲ. ಗುಲಾಬಿ ಕಲ್ಲು ಸಂಜೆ ಹೊತ್ತಿಗೆ ಬಣ್ಣ ಏರುತ್ತದೆ, ಹಾಗಾಗಿ ಹೊರಗಿನಿಂದ ನೋಡುವುದು ಸಂಜೆ. ಒಳಗೆ ನೋಡುವುದು ಮಧ್ಯಾಹ್ನ, ಖಗೋಳ ಗಡಿಯಾರಕ್ಕಾಗಿ. ಈಗಿನ ಯಂತ್ರ 1842ರದ್ದು. ಹನ್ನೆರಡೂವರೆಗೆ ಏಸುವಿನ ಹನ್ನೆರಡು ಶಿಷ್ಯರ ಬೊಂಬೆಗಳು ಸಾಲಾಗಿ ಬರುತ್ತವೆ, ಕೋಳಿ ಕೂಗುತ್ತದೆ. ಹನ್ನೆರಡಕ್ಕೆ ಯಾಕಿಲ್ಲ ಅಂದರೆ, ಆ ಗಡಿಯಾರ ನಮ್ಮ ಕೈಗಡಿಯಾರಕ್ಕಿಂತ ಅರ್ಧ ಗಂಟೆ ಹಿಂದೆ, ಊರಿನ ಸೂರ್ಯನ ಲೆಕ್ಕದಲ್ಲಿ ಓಡುತ್ತದೆ. ಆ ಹೊತ್ತಿಗೆ ಟಿಕೆಟ್ ಇದ್ದವರನ್ನೇ ಒಳಗೆ ಬಿಡುತ್ತಾರೆ. ಭಾನುವಾರ ಈ ಪ್ರದರ್ಶನ ಇರುವುದಿಲ್ಲ, ಅದನ್ನು ನೋಡಿ ದಿನ ಆರಿಸಿ. ಮಂಡಿ ಗಟ್ಟಿ ಇದ್ದರೆ ಮುನ್ನೂರಕ್ಕೂ ಜಾಸ್ತಿ ಮೆಟ್ಟಿಲು ಹತ್ತಿ ಮೇಲಿನ ಅಟ್ಟಕ್ಕೆ ಹೋಗಬಹುದು. ಹೊಟ್ಟೆಗೆ ಇಲ್ಲಿನ ತಾರ್ಟ್ ಫ್ಲಾಂಬೆ, ತೆಳ್ಳಗಿನ ರೊಟ್ಟಿ ಮೇಲೆ ಕೆನೆ ಮತ್ತು ಈರುಳ್ಳಿ. ಅದರಲ್ಲಿ ಹಂದಿ ಮಾಂಸದ ಚೂರು ಹಾಕುವುದು ವಾಡಿಕೆ. ತಿನ್ನದವರು "ಸಾಂ ಲಾರ್ದೋಂ" ಅನ್ನಿ, ಹಾಕದೆ ಕೊಡುತ್ತಾರೆ.

ಕೊಲ್ಮಾರ್‌ಗೆ ಒಂದು ರಾತ್ರಿ ಸಾಕು. ನ್ಯೂಯಾರ್ಕಿನ ಸ್ವಾತಂತ್ರ್ಯ ದೇವಿಯನ್ನು ಮಾಡಿದ ಬಾರ್ತೋಲ್ಡಿ ಹುಟ್ಟಿದ್ದು ಇಲ್ಲಿ, 1834ರಲ್ಲಿ. ಊರ ಉತ್ತರ ಬಾಗಿಲಲ್ಲಿ 12 ಮೀಟರಿನ ಮರಿ ಮೂರ್ತಿ ಇದೆ. ಹಗಲು ಕಾಲುವೆ ಪಕ್ಕ ಕಾಲಿಡಲು ಜಾಗ ಇರುವುದಿಲ್ಲ. ಬೆಳಿಗ್ಗೆ ಎಂಟಕ್ಕೆ ಮೊದಲು ಒಂದು ಸುತ್ತು ಹಾಕಿ ಬನ್ನಿ.

ಫ್ರೈಬುರ್ಗ್ ಒಂದು ರಾತ್ರಿ, 50 ಕಿಲೋಮೀಟರ್. ಬೀದಿ ಬದಿಯಲ್ಲಿ ಬೆಖ್ಲೆ ಅನ್ನುವ ಸಣ್ಣ ನೀರಿನ ಕಾಲುವೆಗಳು ಹರಿಯುತ್ತವೆ. ಅಕಸ್ಮಾತ್ ಕಾಲಿಟ್ಟವರು ಈ ಊರಿನವರನ್ನೇ ಮದುವೆ ಆಗುತ್ತಾರೆ ಅಂತ ಮಾತಿದೆ. ನಾನು ಬೇಕಂತಲೇ ಕಾಲಿಟ್ಟೆ. ಉರಿಯುತ್ತಿದ್ದ ಪಾದಕ್ಕೆ ಹಿತ ಆಯಿತು, ಗಂಡ ಮಾತ್ರ ಹಳೆಯವರೇ.

ನೀರು, ಸಂಡಾಸು, ಒಲೆ

ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ, ಹಾಗಾಗಿ ನಾನೇ ಹೇಳುತ್ತೇನೆ. ಟಾಯ್ಲೆಟ್ ಕ್ಯಾಸೆಟ್ ಹಿಡಿಯುವುದು ಇಪ್ಪತ್ತು ಲೀಟರಿಗಿಂತ ಕಡಿಮೆ. ಅದನ್ನು ಮಾಡಿರುವುದು ಕಾಗದ ಬಳಸುವವರ ಲೆಕ್ಕದಲ್ಲಿ. ನಾವು ಚೊಂಬು ಹಿಡಿಯುವವರು. ಒಂದು ಸಲಕ್ಕೆ ಒಂದು ಲೀಟರ್ ಸುರಿದರೂ ಮಾರನೇ ದಿನವೇ ಕೆಂಪು ದೀಪ. ಸಣ್ಣ ಬಾಟಲಿಯ ಮುಚ್ಚಳಕ್ಕೆ ತೂತು ಮಾಡಿ ಇಟ್ಟುಕೊಂಡರೆ ಕಾಲು ಲೀಟರಿನಲ್ಲಿ ಕೆಲಸ ಆಗುತ್ತದೆ. ಬೆಳಗಿನ ಕೆಲಸವನ್ನು ಕ್ಯಾಂಪಿಂಗ್ ಜಾಗದ ಸಂಡಾಸಿನಲ್ಲೇ ಮುಗಿಸಿದರೆ ಇನ್ನೂ ಒಳ್ಳೆಯದು. ಹೇಗಿದ್ದರೂ ಬೇಸಿಗೆಯಲ್ಲಿ ಎರಡು ದಿನಕ್ಕೊಮ್ಮೆ ಖಾಲಿ ಮಾಡಿ, ವಾಸನೆ ತಡೆಯುವ ದ್ರಾವಣ ಹಾಕಿ.

ಖಾಲಿ ಮಾಡುವ ಜಾಗದಲ್ಲಿ ಕ್ರಮ ತಪ್ಪಬಾರದು. ಮೊದಲು ಬಚ್ಚಲ ನೀರು ಬಿಡಿ. ಆಮೇಲೆ ಕ್ಯಾಸೆಟ್. ಸೋಪು ಹಾಕಿ ಕೈ ತೊಳೆದು, ಕೊನೆಗೆ ಕುಡಿಯುವ ನೀರು ತುಂಬಿಸಿ. ಕ್ಯಾಸೆಟ್ ತೊಳೆಯುವ ನಲ್ಲಿಯೂ ಕುಡಿಯುವ ನೀರಿನ ನಲ್ಲಿಯೂ ಅಕ್ಕಪಕ್ಕ ಇರುವುದುಂಟು, ಫಲಕ ಓದಿ. ನಾವು ನಮ್ಮದೇ ಪೈಪು ತಗೊಂಡು ಹೋಗುತ್ತೇವೆ. ಮಡಿ ಅಂತಲ್ಲ, ಹೊಟ್ಟೆ ಕೆಡಬಾರದು ಅಂತ.

ಒಲೆಗೆ ಎರಡು ಬರ್ನರ್ ಇರುತ್ತದೆ, ಮೂರು ಲೀಟರಿನ ಕುಕ್ಕರ್ ಕೂರುತ್ತದೆ. ಕಿಟಕಿ ತೆರೆದಿಡಿ. ರಾತ್ರಿ ಹತ್ತರ ಮೇಲೆ ಸೀಟಿ ಹೊಡೆಸಬೇಡಿ. ಒಗ್ಗರಣೆ ಒಳಗೆ ಹಾಕಿದರೆ ಹಾಸಿಗೆಗೆಲ್ಲ ಇಂಗಿನ ವಾಸನೆ ಹಿಡಿಯುತ್ತದೆ. ಮನೆಯಿಂದಲೇ ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಹುರಿದ ರವೆ, ಗಟ್ಟಿ ಅವಲಕ್ಕಿ ತಂದರೆ ಅರ್ಧ ಅಡುಗೆ ಆದಂತೆ. ಫ್ರಾನ್ಸಿನ ಹಳೆಯ ಕ್ಯಾಂಪಿಂಗ್ ಜಾಗಗಳಲ್ಲಿ ಕರೆಂಟ್ 6 ಆಂಪಿಯರ್ ಅಷ್ಟೇ, ಅಂದರೆ 1,380 ವಾಟ್. ಮಿಕ್ಸಿ ಓಡುತ್ತದೆ, ನೀರು ಕಾಯಿಸುವ 2,000 ವಾಟಿನ ಕೆಟಲ್ ಹಾಕಿದರೆ ಢಪ್ ಅಂತ ಹೋಗುತ್ತದೆ. ಜರ್ಮನಿಯಲ್ಲಿ ಭಾನುವಾರ ಸೂಪರ್‌ಮಾರ್ಕೆಟ್ಟುಗಳೆಲ್ಲ ಬಂದ್. ಹಾಲು ಮೊಸರು ಶನಿವಾರವೇ ತಂದಿಡಿ.

ವಾಪಸ್ ಕೊಡುವುದು

ಕೊನೆಯ ರಾತ್ರಿಯನ್ನು ಅಂಗಡಿಯ ಹತ್ತಿರವೇ ಕಳೆಯಿರಿ. ಫ್ರೈಬುರ್ಗ್‌ನಿಂದ ಮೈಂಜ್‌ಗೆ ಇನ್ನೂರೈವತ್ತು ಕಿಲೋಮೀಟರಿಗೂ ಜಾಸ್ತಿ. ಹತ್ತು ಗಂಟೆಗೆ ಒಪ್ಪಿಸಬೇಕು ಅಂತ ಆ ಬೆಳಿಗ್ಗೆಯೇ ಓಡಿಸಿಕೊಂಡು ಬಂದರೆ ಒಂದು ಟ್ರಾಫಿಕ್ ಜಾಮಿಗೆ ಎಲ್ಲ ಕೆಡುತ್ತದೆ. ಡೀಸೆಲ್ ತುಂಬಿಸಿ ರಸೀದಿ ಇಟ್ಟುಕೊಳ್ಳಿ. ಕ್ಯಾಸೆಟ್ ಮತ್ತು ಬಚ್ಚಲ ನೀರು ಖಾಲಿ ಇರಲಿ, ಇಲ್ಲದಿದ್ದರೆ ಅದಕ್ಕೆ ಬೇರೆ ದಂಡ ಹಾಕುತ್ತಾರೆ. ಒಳಗೆ ಗುಡಿಸಿ ಒರೆಸಿ. ಮತ್ತೆ ವಿಡಿಯೋ ತೆಗೆಯಿರಿ, ಮೇಲಿನ ಮೂಲೆಗಳ ಸಮೇತ.

ಕಪಾಟು, ಫ್ರಿಜ್ ಎಲ್ಲ ಇಬ್ಬರೂ ಒಂದೊಂದು ಸಲ ತೆರೆದು ನೋಡಿ. ನಾವು ಪುಳಿಯೋಗರೆ ಗೊಜ್ಜಿನ ಡಬ್ಬಿ ಮರೆತು ಬಂದಿದ್ದೆವು. ಎರಡು ದಿನ ಬಿಟ್ಟು ಅಂಗಡಿಯಿಂದ ಫೋನ್ ಬಂತು. ಫ್ರಿಜ್ಜಿನಲ್ಲಿ ಕಪ್ಪಗೆ, ಎಣ್ಣೆ ಎಣ್ಣೆಯಾಗಿ ಏನೋ ಇದೆ, ಎಂಜಿನ್ನಿಗೆ ಸಂಬಂಧಪಟ್ಟದ್ದಾ ಅಂತ ಕೇಳಿದರು. ಬಿಸಿ ಅನ್ನಕ್ಕೆ ಕಲಸಿಕೊಂಡು ತಿನ್ನಿ ಅಂದೆ.